ಖಾಸಗಿ ಶಾಲೆಯಲ್ಲಿ ಪೋಷಕರ ಒತ್ತಡ ನಿಜಕ್ಕೂ ಅಷ್ಟೊಂದು ಇರುತ್ತದಾ?

ಬಿ.ಇಡಿ ಮುಗಿಸಿದ್ದೇನೆ, ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಸಿಕ್ಕಿದೆ, ಅಲ್ಲಿ ಪೋಷಕರದ್ದೇ ದರ್ಬಾರು ಅಂತಾರೆ, ಸೇರಬಹುದಾ ಅಂತ ಕೇಳಿದ್ದೀರಿ. ಸೇರಿ. ಆದರೆ ದರ್ಬಾರು ಹೇಗೆ ನಡೆಯುತ್ತದೆ ಅಂತ ತಿಳಿದುಕೊಂಡು ಸೇರಿ. ನಾನು ಇಂಥ ಶಾಲೆಗಳಲ್ಲೇ ಗಣಿತ ಹೇಳಿಕೊಂಡು ಬಂದವಳು.

ಶಾಲೆಗೆ ನುಗ್ಗಿ ಕೂಗಾಡುವವರು ಕಡಿಮೆ. ನಡೆಯುವುದು ಹೀಗೆ. ಯೂನಿಟ್ ಟೆಸ್ಟ್ ಪೇಪರ್ ಕೊಟ್ಟ ದಿನ ರಾತ್ರಿ ಊಟಕ್ಕೆ ಕೂತಿರುತ್ತೀರಿ, ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫೋಟೊ ಬೀಳುತ್ತದೆ. ಎರಡು ಪೇಪರ್ ಅಕ್ಕಪಕ್ಕ ಇಟ್ಟು ತೆಗೆದದ್ದು. "ಮ್ಯಾಮ್, ಇಬ್ಬರದೂ ಸೇಮ್ ಆನ್ಸರ್. ನಮ್ಮವನಿಗೆ ಮಾತ್ರ ಯಾಕೆ ಅರ್ಧ ಮಾರ್ಕ್ ಕಟ್?" ಅದು ವಿಸ್ತೀರ್ಣದ ಲೆಕ್ಕ. ಪಕ್ಕದ ಹುಡುಗ ಸೆಂ.ಮೀ. ಅಂತ ಬರೆದು ಅದರ ತಲೆ ಮೇಲೆ ಪುಟ್ಟದಾಗಿ 2 ಹಾಕಿರುತ್ತಾನೆ, ಇವನು ಹಾಕಿರುವುದಿಲ್ಲ. ನೀವು ಅದನ್ನು ಟೈಪ್ ಮಾಡುವಷ್ಟರಲ್ಲಿ ಫೋಟೊ ಕೆಳಗೆ ಐದಾರು ಹೆಬ್ಬೆಟ್ಟು ಬಿದ್ದಿರುತ್ತವೆ. ಬೆಳಿಗ್ಗೆ ಕೋಆರ್ಡಿನೇಟರ್ ಕರೆಯುತ್ತಾರೆ. "ಅರ್ಧ ಮಾರ್ಕ್ ತಾನೇ, ಕೊಟ್ಟುಬಿಡಿ ಮಿಸ್. ಆ ಅಪಾರ್ಟ್‌ಮೆಂಟಿನಿಂದಲೇ ನಮಗೆ ಒಂದು ಬಸ್ ತುಂಬ ಮಕ್ಕಳು ಬರ್ತಾರೆ." ಮುಂದಿನ ಟೆಸ್ಟಿಗೆ ನಿಮ್ಮ ಕೈ ತಾನಾಗೇ ಸಡಿಲವಾಗುತ್ತದೆ. ಆ ಪುಟ್ಟ 2 ಹಾಕದವರಿಗೂ ಪೂರ್ತಿ ಮಾರ್ಕ್.

ಇದಕ್ಕೆ ಪೋಷಕರನ್ನಷ್ಟೇ ಬೈದು ಪ್ರಯೋಜನವಿಲ್ಲ. ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ, ಅಂದರೆ ಶಾಲೆಯ ಮೇಲುಸ್ತುವಾರಿ ನೋಡಿಕೊಳ್ಳುವ ಸಮಿತಿ ಇರುತ್ತದೆ, ಅಲ್ವಾ? 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಅಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು. ಅನುದಾನರಹಿತ ಖಾಸಗಿ ಶಾಲೆಗಳಿಗೆ ಮಾತ್ರ ಈ ನಿಯಮ ಇಲ್ಲ. ಸಾಲ ಮಾಡಿ ಫೀಸ್ ಕಟ್ಟಿದವರಿಗೆ, ಈ ವರ್ಷ ಯಾಕೆ ಏರಿಸಿದಿರಿ ಅಂತ ಕೂತು ಕೇಳಲು ಹೆಚ್ಚಿನ ಕಡೆ ಒಂದು ಜಾಗವೇ ಇರುವುದಿಲ್ಲ. ಮ್ಯಾನೇಜ್‌ಮೆಂಟ್ ಕೈಗೆ ಸಿಗುವುದಿಲ್ಲ, ಮಿಸ್ ಸಿಗುತ್ತಾರೆ. ಫೀಸಿನ ಸಿಟ್ಟು ಅರ್ಧ ಮಾರ್ಕಿನ ಮೇಲೆ ತೀರುತ್ತದೆ.

ಹಾಗಂತ ಬರುವ ದೂರೆಲ್ಲ ಸುಮ್ನೆ ಕಿರಿಕಿರಿ ಅಂದುಕೊಳ್ಳಬೇಡಿ. ಮಗುವಿಗೆ ಹೊಡೆದರೆ, ಎಲ್ಲರೆದುರು ಹೀಯಾಳಿಸಿದರೆ ಅವರು ಕೇಳಲೇಬೇಕು. ಅದೇ ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಆ್ಯನುಯಲ್ ಡೇ ಡ್ಯಾನ್ಸಿನಲ್ಲಿ ಮಗಳನ್ನು ಮುಂದಿನ ಸಾಲಿಗೆ ಹಾಕಿ ಅನ್ನುವುದು ಬೇರೆ. (ಅದೂ ಪ್ರಿನ್ಸಿಪಾಲರ ಕಡೆಯಿಂದಲೇ ಹೇಳಿಸುತ್ತಾರೆ.)

ನೀವು ಸಂಬಳದ ಮಾತಾಡುವಾಗಲೇ ಇನ್ನೊಂದು ಕೇಳಿ: ಪೋಷಕರ ದೂರು ಮೊದಲು ಯಾರ ಹತ್ತಿರ ಹೋಗುತ್ತದೆ? "ನಿಮ್ಮ ನಂಬರ್ ಗ್ರೂಪಿಗೆ ಸೇರಿಸ್ತೀವಿ" ಅಂದರೆ, ಶಾಲೆಯದೇ ನಂಬರ್ ಕೊಡಿ ಅನ್ನಿ. ನೇಮಕಾತಿ ಪತ್ರ ಕೈಗೆ ಬರದೆ ಕ್ಲಾಸಿಗೆ ಕಾಲಿಡಬೇಡಿ. ರಾಜ್ಯ ಪಠ್ಯಕ್ರಮದ ಶಾಲೆಯಾದರೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಇದೆ. ವಿಚಾರಣೆ ನಡೆಸದೆ ವಜಾ ಮಾಡುವಂತಿಲ್ಲ. ಮಾಡಿದರೆ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಪತ್ರವೇ ಇಲ್ಲದಿದ್ದರೆ ಅಲ್ಲಿ ಕೆಲಸ ಮಾಡಿದ್ದನ್ನು ತೋರಿಸುವುದೇ ಕಷ್ಟ.

ಇನ್ನು ಮಾರ್ಕಿನ ಜಗಳ. ಟೆಸ್ಟಿಗೆ ಮುಂಚೆಯೇ ಯಾವುದಕ್ಕೆ ಎಷ್ಟು ಕಟ್ ಅಂತ ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆಸಿ. ಗ್ರೂಪಿನಲ್ಲಿ ವಾದಕ್ಕೆ ಇಳಿಯಲೇಬೇಡಿ. "ಪೇಪರ್ ತೆಗೆದುಕೊಂಡು ನಾಳೆ ಬನ್ನಿ, ಕೂತು ನೋಡೋಣ" ಅಂತ ಒಂದೇ ಸಾಲು ಹಾಕಿ. ಅರ್ಧ ಮಾರ್ಕಿಗೆ ಆಫೀಸಿಗೆ ರಜೆ ಹಾಕಿ ಬರುವವರು ತೀರಾ ಕಡಿಮೆ. ಬಂದವರು ಮಾತ್ರ ಮಗನ ನೋಟ್‌ಬುಕ್ ತಿರುವಿ ನೋಡಿಯೇ ಹೋಗುತ್ತಾರೆ.