ಪತ್ರ ಹೋದರೂ ಪುಸ್ತಕ ಇದೆಯಲ್ಲ

ಕಾಗದ-ಪತ್ರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮೂವತ್ತಾರು ವರ್ಷ ಉಪನೋಂದಣಿ ಕಚೇರಿಯ ಎದುರು, ಹೊಂಗೆ ಮರದ ಕೆಳಗೆ ಕೂತು ಜಮೀನು, ಮನೆಯ ಪತ್ರ ಬರೆದವನು ನಾನು. ಮೊದಲು ಕೈಬರಹ, ಆಮೇಲೆ ಟೈಪ್‌ರೈಟರ್, ಕೊನೆಗೆ ಕಂಪ್ಯೂಟರ್. ವಕೀಲನಲ್ಲ. ಕೋರ್ಟಿನ ಮಾತು ಬಂದರೆ ವಕೀಲರನ್ನೇ ಕೇಳಿ. ಹಳೇ ಕಾಗದ ಎಲ್ಲಿ ಅಡಗಿ ಕೂತಿರುತ್ತದೆ ಅನ್ನೋದು ಮಾತ್ರ ನನಗೆ ಚೆನ್ನಾಗಿ ಗೊತ್ತು.

ಪ್ರಶ್ನೆ: ನಮ್ಮ ತಾತ 1968ರ ಸುಮಾರಿಗೆ 2 ಎಕರೆ 14 ಗುಂಟೆ ಹೊಲ ಕೊಂಡಿದ್ದರು. ಕ್ರಯಪತ್ರ ಇಟ್ಟಿದ್ದ ಪೆಟ್ಟಿಗೆಗೆ ಗೆದ್ದಲು ಹಿಡಿದು ಎಲ್ಲ ಮಣ್ಣಾಗಿದೆ. ಆನ್‌ಲೈನಲ್ಲಿ ಇ.ಸಿ. (ಋಣಭಾರ ಪ್ರಮಾಣಪತ್ರ, ಆಸ್ತಿಯ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳ ಪಟ್ಟಿ) ತೆಗೆಸಿದರೆ ಯಾವ ವ್ಯವಹಾರವೂ ಇಲ್ಲ ಅಂತ ಬಂತು. ಹೊಲ ನಮ್ಮದಲ್ಲ ಅಂತಲೇ? (ಪಾವಗಡ ಕಡೆಯ ಓದುಗರು)

ಉತ್ತರ: ಮೊದಲು ಒಂದು ಲೋಟ ನೀರು ಕುಡಿಯಿರಿ. ಗೆದ್ದಲು ತಿಂದದ್ದು ನಿಮ್ಮ ಮನೆಯ ಪ್ರತಿಯನ್ನು. ಆ ಪತ್ರವನ್ನು ಅಂದೇ ಕಚೇರಿಯ ಗುಮಾಸ್ತರು ಅಕ್ಷರ ಬಿಡದೆ 1ನೇ ಪುಸ್ತಕಕ್ಕೆ ಇಳಿಸಿಕೊಂಡಿರುತ್ತಾರೆ. ಜಮೀನು, ಮನೆಯ ಪತ್ರಗಳೆಲ್ಲ ಹೋಗಿ ಕೂರುವುದು ಅದೇ ಪುಸ್ತಕದಲ್ಲಿ.

ಇ.ಸಿ.ಯ ವಿಷಯ ಹೀಗಿದೆ. ಕಂಪ್ಯೂಟರಿನಲ್ಲಿ ಸಿಗುವುದು 2004ರ ಏಪ್ರಿಲ್ 1ರಿಂದ ಈಚಿನದು. ನಿಮಗೆ ಬಂದ ನಮೂನೆ 16, ಅಂದರೆ ವ್ಯವಹಾರ ಇಲ್ಲ ಅನ್ನುವ ಇ.ಸಿ., ಹೇಳುವುದು ಇಷ್ಟೇ: ಆ ದಿನದಿಂದ ಈ ಹೊಲವನ್ನು ಯಾರೂ ಮಾರಿಲ್ಲ, ಅಡವಿಟ್ಟಿಲ್ಲ. ಅದು ಒಳ್ಳೇ ಸುದ್ದಿ, ಅಲ್ವಾ? 1968ಕ್ಕೆ ಹೋಗಬೇಕಾದರೆ ಕಚೇರಿಯಲ್ಲಿ ಅರ್ಜಿ ಕೊಟ್ಟು ಕೈಯಲ್ಲಿ ಹುಡುಕಿಸಬೇಕು.

ಆದರೆ ನೇರವಾಗಿ ಅಲ್ಲಿಗೆ ಓಡಬೇಡಿ. "ಸುಮಾರು 1968" ಅಂದರೆ ಹುಡುಕುವವನಿಗೆ ಮೂರು ವರ್ಷದ ಪುಸ್ತಕ ತಿರುವುವ ಕೆಲಸ. ಮೊದಲು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿ. ಪಹಣಿಯ 9ನೇ ಕಾಲಂನಲ್ಲಿ ಮಾಲೀಕರ ಹೆಸರು ಇರುತ್ತದೆ. ಪಕ್ಕದ 10ರಲ್ಲಿ ಅದು ಅವರಿಗೆ ಹೇಗೆ ಬಂತು ಅಂತ ಬರೆದಿರುತ್ತದೆ. ಅಲ್ಲಿ ಎಂ.ಆರ್. ನಂಬರು (ಖಾತೆ ಬದಲಾವಣೆ ಬರೆದಿಡುವ ಮ್ಯುಟೇಶನ್ ರಿಜಿಸ್ಟರಿನ ನಂಬರು) ಸಿಕ್ಕಿದರೆ ಅರ್ಧ ಕೆಲಸ ಮುಗಿಯಿತು. ಈಗಿನ ಪಹಣಿಯಲ್ಲಿ ಇಲ್ಲದಿದ್ದರೆ ಕೈಬರಹದ ಹಳೇ ಪಹಣಿಯ ನಕಲು ಕೇಳಿ. ಆ ನಂಬರು ಹಿಡಿದು ಮ್ಯುಟೇಶನ್ ರಿಜಿಸ್ಟರಿನ ನಕಲು ತೆಗೆಸಿ. ಕ್ರಯದ ಮೂಲಕ ಖಾತೆ ಬದಲಾಗಿದ್ದರೆ ಪತ್ರದ ನಂಬರು, ತಾರೀಖು ಸಾಮಾನ್ಯವಾಗಿ ಅದರಲ್ಲೇ ಇರುತ್ತವೆ. ಅದನ್ನು ಚೀಟಿಯಲ್ಲಿ ಬರೆದುಕೊಂಡು ಉಪನೋಂದಣಿ ಕಚೇರಿಗೆ ಹೋದರೆ ಹತ್ತು ನಿಮಿಷದ ಮಾತು. ಪುಸ್ತಕ ಸಿಗಬೇಕು, ಗುಮಾಸ್ತರ ಊಟದ ಹೊತ್ತಾಗಿರಬಾರದು, ಅಷ್ಟೇ.

ಎಂ.ಆರ್. ಸಿಗದಿದ್ದರೆ ಇಂಡೆಕ್ಸ್ ಇದೆ. 1ನೇ ಇಂಡೆಕ್ಸ್ ಹೆಸರಿನ ಪ್ರಕಾರ, 2ನೆಯದು ಊರು-ಸರ್ವೆ ನಂಬರಿನ ಪ್ರಕಾರ. ಎರಡರಲ್ಲೂ ಗುಂಡಿಗಳಿವೆ. ಅಂದು ಸರ್ವೆ ನಂಬರ್ 42 ಇದ್ದದ್ದು ಪೋಡಿಯಾಗಿ, ಅಂದರೆ ಅಳತೆ ಮಾಡಿ ಭಾಗವಾಗಿ, ಇಂದು 42/3 ಆಗಿರಬಹುದು. ನೀವು 42/3 ಅಂತ ಕೇಳುತ್ತೀರಿ, ಅವರು ಇಲ್ಲ ಅನ್ನುತ್ತಾರೆ, ಇಬ್ಬರದೂ ಸುಳ್ಳಲ್ಲ.

ಹೆಸರಿನ ಗುಂಡಿ ಇನ್ನೂ ಆಳ. ಒಮ್ಮೆ ಒಬ್ಬ ಹೆಂಗಸು ತನ್ನ ಮಾವನ 1971ರ ಪತ್ರ ಹುಡುಕಿಸಲು ಬಂದಿದ್ದರು. 'ಸ' ಅಕ್ಷರದಲ್ಲಿ ಮೂರು ದಿನ ಹುಡುಕಿದೆವು. ನನಗೂ ಬೇಜಾರು ಬಂದಿತ್ತು. ನಾಲ್ಕನೇ ದಿನ ಆಕೆ ಹಳೇ ಪಂಚಾಂಗದ ಒಳಗೆ ಸಿಕ್ಕಿದ ಕಂದಾಯದ ರಶೀದಿ ತಂದರು. ಅದರಲ್ಲಿದ್ದ ಹೆಸರೇ ಬೇರೆ, 'ಕ'ದಿಂದ ಶುರು. ಮನೆಯವರೆಲ್ಲ ಐವತ್ತು ವರ್ಷ ಕರೆದದ್ದು ಅಡ್ಡಹೆಸರು! 'ಕ' ತೆಗೆದೆವು. ಎರಡನೇ ಪುಟದಲ್ಲೇ ಇತ್ತು. ಹಾಗಾಗಿ ತಾತನ ಹೆಸರು, ಅವರ ತಂದೆಯ ಹೆಸರು, ಅಜ್ಜಿಯ ಹೆಸರು ಎಲ್ಲ ಬರೆದುಕೊಂಡು ಹೋಗಿ. ಹಳಬರು ಹೆಂಡತಿಯ ಹೆಸರಲ್ಲೂ ಕೊಳ್ಳುತ್ತಿದ್ದರು. ಪತ್ರದಲ್ಲಿ 'ಬಿನ್' ಅಂದರೆ ಇಂಥವರ ಮಗ, 'ಕೋಂ' ಅಂದರೆ ಇಂಥವರ ಹೆಂಡತಿ. ಈಗಿನ ಹುಡುಗರು ಅದನ್ನೂ ಹೆಸರಿನ ಭಾಗ ಅಂದುಕೊಳ್ಳುತ್ತಾರೆ.

ಇನ್ನೊಂದು ಉಪಾಯ ಹೇಳುತ್ತೇನೆ. ಪಕ್ಕದ ಹೊಲದವರ ಹಳೇ ಪತ್ರ ನೋಡಿ. ಅದರ ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, "ಪೂರ್ವಕ್ಕೆ ಇಂಥವರ ಜಮೀನು" ಅಂತ ನಿಮ್ಮ ತಾತನ ಹೆಸರಿದ್ದರೆ, ಆ ಪತ್ರದ ತಾರೀಖಿನ ಹೊತ್ತಿಗೆ ತಾತ ಅಲ್ಲಿದ್ದರು ಅಂತ ಗೊತ್ತಾಗುತ್ತದೆ. ಹುಡುಕುವ ವರ್ಷಗಳು ಅಷ್ಟು ಕಡಿಮೆ ಆಗುತ್ತವೆ.

1ನೇ ಪುಸ್ತಕವನ್ನು ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಅದನ್ನೇ ಹೇಳುತ್ತದೆ. "ನೀವು ಯಾರು, ಯಾಕೆ ಬೇಕು" ಅಂತ ಯಾರಾದರೂ ಗದರಿಸಿದರೆ ಹೆದರಬೇಡಿ. ವಿಲ್ಲುಗಳಿರುವ 3ನೇ ಪುಸ್ತಕಕ್ಕೆ ಮಾತ್ರ ನಿಯಮ ಬೇರೆ. ದೃಢೀಕೃತ ನಕಲನ್ನು ಕೋರ್ಟೂ ಒಪ್ಪುತ್ತದೆ.

ಇಷ್ಟೆಲ್ಲ ಹುಡುಕಿದರೂ ಸಿಗಲಿಲ್ಲ ಅನ್ನಿ. ಆಗ ತಾತ ಕೊಂಡದ್ದು ನಿಜವೇ ಅಂತ ಕೇಳಿಕೊಳ್ಳಿ. ಎಷ್ಟೋ ಮನೆಗಳಲ್ಲಿ "ಕೊಂಡದ್ದು" ಅನ್ನುವ ಹೊಲ ದರಖಾಸ್ತಿನಲ್ಲಿ, ಅಂದರೆ ಅರ್ಜಿಯ ಮೇಲೆ ಸರ್ಕಾರದಿಂದ, ಮಂಜೂರಾದದ್ದು, ಇಲ್ಲವೇ ಗೇಣಿ ಮಾಡಿ ಭೂ ನ್ಯಾಯಮಂಡಳಿಯಿಂದ ಬಂದದ್ದು. ಅದಕ್ಕೆ ಕ್ರಯಪತ್ರವೇ ಇರುವುದಿಲ್ಲ. ಮೊದಲನೆಯದಕ್ಕೆ ಸಾಗುವಳಿ ಚೀಟಿ, ಎರಡನೆಯದಕ್ಕೆ ಫಾರಂ 10 ಹುಡುಕಬೇಕು. ಅದು ತಾಲ್ಲೂಕು ಕಚೇರಿಯ ಕಡತ.

ಪ್ರಶ್ನೆ: 1996ರಲ್ಲಿ ದೊಡ್ಡಪ್ಪನಿಂದ ಊರೊಳಗಿನ 30x40 ಸೈಟು ಕೊಂಡೆವು. 20 ರೂಪಾಯಿ ಛಾಪಾ ಕಾಗದದಲ್ಲಿ ಬರೆಸಿ ಐದು ಜನ ಹಿರಿಯರು ಸಹಿ ಹಾಕಿದ್ದಾರೆ. ಈಗ ಅದನ್ನೇ ರಿಜಿಸ್ಟರ್ ಮಾಡಿಸಬಹುದೇ? ದೊಡ್ಡಪ್ಪ ತೀರಿಕೊಂಡಿದ್ದಾರೆ. (ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ಆಗುವುದಿಲ್ಲ. 100 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಸ್ಥಿರಾಸ್ತಿಯ ಕ್ರಯಪತ್ರ ರಿಜಿಸ್ಟರ್ ಆಗಲೇಬೇಕು. ಬರೆದು ಸಹಿ ಮಾಡಿದ ನಾಲ್ಕು ತಿಂಗಳೊಳಗೆ ಹಾಜರುಪಡಿಸಬೇಕು. ದಂಡ ಕಟ್ಟಿದರೆ ಇನ್ನೊಂದು ನಾಲ್ಕು ತಿಂಗಳು ಸಿಗುತ್ತಿತ್ತು. ನೀವು ತಡ ಮಾಡಿರುವುದು ವರ್ಷಗಟ್ಟಲೆ. ಐದಲ್ಲ, ಐವತ್ತು ಹಿರಿಯರು ಸಹಿ ಹಾಕಿದರೂ ಅದು ಕ್ರಯಪತ್ರ ಆಗುವುದಿಲ್ಲ.

ಈಗ ದಾರಿ ಒಂದೇ. ದೊಡ್ಡಪ್ಪನ ವಾರಸುದಾರರು ಹೊಸದಾಗಿ ಪತ್ರ ಬರೆದುಕೊಡಬೇಕು. ವಾರಸುದಾರರು ಅಂದರೆ ಗಂಡುಮಕ್ಕಳು ಮಾತ್ರ ಅಲ್ಲ. ದೊಡ್ಡಮ್ಮ, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಎಲ್ಲರೂ ಸಹಿ ಹಾಕಬೇಕು. "ಅವಳಿಗೆ ಅರಿಶಿನ ಕುಂಕುಮಕ್ಕೆ ಕೊಟ್ಟಿದ್ದೀವಿ, ಅವಳ ಸಹಿ ಯಾಕೆ" ಅಂತ ಅಣ್ಣಂದಿರು ಹೇಳುತ್ತಾರೆ. ಕೇಳಬೇಡಿ. ಆಕೆಯ ಸಹಿ ಇಲ್ಲದ ಪತ್ರ ಬಾಗಿಲಿಲ್ಲದ ಮನೆ. ಪತ್ರದ ಜೊತೆಗೆ ಪಂಚಾಯ್ತಿಯಿಂದ ಇ-ಸ್ವತ್ತಿನ (ಪಂಚಾಯ್ತಿ ಆಸ್ತಿಗಳ ಕಂಪ್ಯೂಟರ್ ದಾಖಲೆ) ನಮೂನೆ 9 ಮತ್ತು 11 ಬೇಕು. ಅದು ದೊಡ್ಡಪ್ಪನ ಹೆಸರಲ್ಲೇ ನಿಂತಿದ್ದರೆ ಮೊದಲು ವಾರಸುದಾರರ ಹೆಸರಿಗೆ ಬರಬೇಕು. ಯಾರಾದರೂ ಒಬ್ಬರು ತಕರಾರು ತೆಗೆದರೆ ಆ ಹಳೇ ಕಾಗದ, ನೀವು ಕಟ್ಟಿದ ಕಂದಾಯದ ರಶೀದಿ ಎಲ್ಲ ಹಿಡಿದು ವಕೀಲರ ಹತ್ತಿರ ಹೋಗಿ. ಎಸೆಯಬೇಡಿ ಮಾತ್ರ.

ಪ್ರಶ್ನೆ: ನಾನು ಅಮೆರಿಕದ ನಾರ್ತ್ ಕೆರೊಲಿನಾದ ಒಂದು ಹಳ್ಳಿಗಾಡಿನ ಕೌಂಟಿಯಲ್ಲಿ ಐದು ಎಕರೆ ಕೊಂಡಿದ್ದೇನೆ. ಇಲ್ಲಿ ಕೌಂಟಿ ಕಚೇರಿಯಲ್ಲಿ ಹಿಂದಿನ ಮಾಲೀಕರ ಪತ್ರಗಳೆಲ್ಲ ಕೂತಲ್ಲೇ ಸಿಕ್ಕವು. ನಮ್ಮೂರಲ್ಲಿ ಯಾಕೆ ಹಾಗಿಲ್ಲ? ಅಣ್ಣ ಪಾಲುಪಟ್ಟಿಗೆ ಸಹಿ ಕೇಳುತ್ತಿದ್ದಾನೆ. ಬರಲೇಬೇಕೇ? (ಹೆಸರು ಬೇಡ ಎಂದಿದ್ದಾರೆ)

ಉತ್ತರ: ನಿಮ್ಮ ಪ್ರಶ್ನೆ ಬಂದ ಮೇಲೆ ಅಲ್ಲಿನ ಪದ್ಧತಿಯನ್ನು ಆಸೆಯಿಂದ ಓದಿದೆ. ಅಲ್ಲಿ ನೂರು ಕೌಂಟಿ, ಪ್ರತಿಯೊಂದಕ್ಕೂ ಒಬ್ಬ ರಿಜಿಸ್ಟರ್ ಆಫ್ ಡೀಡ್ಸ್. ಅವರನ್ನು ಜನ ವೋಟು ಹಾಕಿ ಆರಿಸುತ್ತಾರೆ! ನಮ್ಮ ಉಪನೋಂದಣಾಧಿಕಾರಿಗಳು ಚುನಾವಣೆಗೆ ನಿಂತರೆ ಹೇಗಿರುತ್ತೆ ಅಂತ ಒಬ್ಬನೇ ನಕ್ಕೆ. ಅಲ್ಲಿನ ಹುಡುಕಾಟವೂ ಮಾರಿದವರ ಹೆಸರು, ಕೊಂಡವರ ಹೆಸರಿನ ಇಂಡೆಕ್ಸಿನಿಂದಲೇ. ಪುಸ್ತಕದ ನಂಬರು, ಪುಟದ ನಂಬರು. ನಮ್ಮದೇ ಅಣ್ಣತಮ್ಮ.

ಒಂದು ದೊಡ್ಡ ವ್ಯತ್ಯಾಸ ಇದೆ, ಅದು ನಿಮಗೆ ಗೊತ್ತಿರಬೇಕು. ಒಂದೇ ಜಮೀನನ್ನು ಮಾರುವವನು 1ನೇ ತಾರೀಖು ನಿಮಗೆ ಬರೆದುಕೊಟ್ಟ, 10ಕ್ಕೆ ಮತ್ತೊಬ್ಬರಿಗೆ ಬರೆದ ಅನ್ನಿ. ಆ ಎರಡನೆಯವರು ನಿಮಗಿಂತ ಮೊದಲು ಓಡಿಹೋಗಿ ದಾಖಲು ಮಾಡಿಸಿದರು. ನಾರ್ತ್ ಕೆರೊಲಿನಾದಲ್ಲಿ 1885ರ ಕಾಯ್ದೆಯಿಂದ ಈಚೆಗೆ, ದುಡ್ಡು ಕೊಟ್ಟು ಕೊಂಡು ಮೊದಲು ದಾಖಲು ಮಾಡಿದವರೇ ಗೆದ್ದರು. ಓಟದ ಪಂದ್ಯ ಇದ್ದ ಹಾಗೆ. ನಮ್ಮಲ್ಲಿ ಹಾಗಲ್ಲ. ಕಾಲಾವಧಿಯೊಳಗೆ ರಿಜಿಸ್ಟರ್ ಆದರೆ ಪತ್ರಕ್ಕೆ ಬಲ ಬರುವುದು ಬರೆದು ಸಹಿ ಮಾಡಿದ ದಿನದಿಂದ, ನಮ್ಮ ನೋಂದಣಿ ಕಾಯ್ದೆಯ 47ನೇ ಕಲಂ ಪ್ರಕಾರ. ಇಲ್ಲಿ ನೀವೇ ಗೆಲ್ಲುತ್ತೀರಿ. ಹಾಗಾಗಿ ಅಲ್ಲಿ ಪತ್ರ ಕೈಗೆ ಬಂದ ದಿನವೇ ಕೌಂಟಿ ಕಚೇರಿಗೆ ಕಳಿಸಿ. ನಮ್ಮೂರಿನ ನಿಧಾನ ಅಲ್ಲಿ ನಡೆಯುವುದಿಲ್ಲ.

ಪಾಲುಪಟ್ಟಿಗೆ ನೀವೇ ಬರಬೇಕೆಂದೇನೂ ಇಲ್ಲ. ಅಧಿಕಾರ ಪತ್ರ ಬರೆದು ಭಾರತದ ಕಾನ್ಸುಲೇಟಿನಲ್ಲಿ ಅಥವಾ ಅಲ್ಲಿನ ನೋಟರಿಯ ಮುಂದೆ ಸಹಿ ಮಾಡಿ ಕಳಿಸಿ. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಹಾಕಿಸಬೇಕು. ಈ ಮೂರು ತಿಂಗಳನ್ನು ಮರೆತವರನ್ನು ತುಂಬಾ ನೋಡಿದ್ದೇನೆ. ಅಧಿಕಾರ ಯಾವ ಸರ್ವೆ ನಂಬರಿಗೆ, ಯಾವ ಕೆಲಸಕ್ಕೆ ಅಂತ ಬಿಡಿಸಿ ಬರೆಯಿರಿ. ಅಣ್ಣನ ಕಡೆಯವರಿಗೇ ಅಧಿಕಾರ ಕೊಡಬೇಡಿ. ಅಣ್ಣ ಒಳ್ಳೆಯವನೇ ಇರಬಹುದು. ಆದರೂ ಬೇಡ.

ಪ್ರಶ್ನೆ: ನಮ್ಮ ಕ್ರಯಪತ್ರದಲ್ಲಿ ಪೂರ್ವ, ಪಶ್ಚಿಮ ಅದಲು ಬದಲಾಗಿದೆ. ಬಿಳಿ ಬಣ್ಣ ಹಚ್ಚಿ ತಿದ್ದಿದರೆ ಸಾಕು ಅಂತ ಒಬ್ಬರು ಹೇಳಿದರು. (ಶಿರಾ ಕಡೆಯ ಓದುಗಾರ್ತಿ)

ಉತ್ತರ: ಆ ಒಬ್ಬರ ಸಹವಾಸ ಬಿಡಿ. ರಿಜಿಸ್ಟರ್ ಆದ ಪತ್ರದ ಮೇಲೆ ಒಂದು ಚುಕ್ಕೆ ಇಟ್ಟರೂ ಅದು ತಿದ್ದಿದ ಪತ್ರ ಆಗುತ್ತದೆ, ಕಚೇರಿಯ ಪುಸ್ತಕಕ್ಕೆ ತಾಳೆಯಾಗುವುದಿಲ್ಲ. ಮಾರಿದವರು, ಕೊಂಡವರು ಇಬ್ಬರೂ ಬಂದು ತಿದ್ದುಪಡಿ ಪತ್ರ ಬರೆಸಿ ರಿಜಿಸ್ಟರ್ ಮಾಡಿಸಬೇಕು.

ಈ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೇನೆ. ಸಂಜೆ ನಾಲ್ಕೂವರೆ, ಕಚೇರಿ ಮುಚ್ಚುವ ಹೊತ್ತು, ಹಳೇ ಪತ್ರ ನೋಡಿಕೊಂಡು ಬರೆಯುತ್ತಾ ಸಾಲು ತಪ್ಪಿದೆ. ಹಳ್ಳ ಪಶ್ಚಿಮಕ್ಕೆ ಹರಿಯುತ್ತಿತ್ತು, ನಾನು ಪೂರ್ವಕ್ಕೆ ಹರಿಸಿದೆ. ಎರಡು ವರ್ಷ ಕಳೆದ ಮೇಲೆ ಬ್ಯಾಂಕಿನವರು ಹಿಡಿದರು. ಅಷ್ಟರಲ್ಲಿ ಮಾರಿದವರಿಗೆ ಜಮೀನಿನ ಬೆಲೆ ಏರಿದ್ದು ಗೊತ್ತಾಗಿತ್ತು. ಸಹಿಗೆ ಬರಲು ಐದು ಸಾವಿರ ಕೇಳಿದರು. ನಾನೇ ಕೊಟ್ಟೆ. ಅಂದಿನಿಂದ ಚೆಕ್ಕುಬಂದಿ ಬರೆದ ಮೇಲೆ ಕೊಂಡವರನ್ನು ಹೊಲದಲ್ಲಿ ನಿಂತ ಹಾಗೆ ನಿಲ್ಲಿಸಿ, ಕೈ ತೋರಿಸಿ ಹೇಳಿಸುತ್ತಿದ್ದೆ. ಮಾರಿದವರು ಚೆನ್ನಾಗಿರುವಾಗಲೇ ಈ ಕೆಲಸ ಮುಗಿಸಿಕೊಳ್ಳಿ.

ಪ್ರಶ್ನೆ: ಹಳೇ ಪತ್ರಗಳಿಗೆ ಲ್ಯಾಮಿನೇಷನ್ ಮಾಡಿಸಲೇ? (ಇದನ್ನು ಈ ಸಲ ನಾಲ್ಕು ಜನ ಕೇಳಿದ್ದಾರೆ)

ಉತ್ತರ: ಬೇಡ. ಬಿಸಿಗೆ ಹಳೇ ಶಾಯಿ, ಹೆಬ್ಬೆಟ್ಟಿನ ಗುರುತು, ಮೊಹರು ಮಸುಕಾಗುತ್ತವೆ. ಆಮೇಲೆ ಅದು ಅಸಲೋ ನಕಲೋ ಅಂತ ಮುಟ್ಟಿ ನೋಡಲೂ ಆಗುವುದಿಲ್ಲ. ಒಗೆದ ಹತ್ತಿಬಟ್ಟೆಯಲ್ಲಿ ಸುತ್ತಿ, ಎರಡು ಬಜೆ ಬೇರು ಹಾಕಿ, ನೆಲದಿಂದ ಮೇಲೆ ಇಡಿ. ಮಡಿಕೆಯ ಜಾಗದಲ್ಲಿ ಹರಿಯುತ್ತಿದ್ದರೆ ಮಡಿಸದೆ ಹರಡಿ ಇಡಿ. ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ, ಪತ್ರದ ನಂಬರು ಕಾಣುವ ಹಾಗೆ.