ಬೀಗರು ಹುಳಿ, ಪಲ್ಯ ಮುಟ್ಟದೆ ಮೊಸರನ್ನ ಮಾತ್ರ ಉಂಡು ಹೋದದ್ದೇಕೆ?

ಅವರು ಮಾಧ್ವರೆಂದೂ ಆಷಾಢದ ಕೊನೆಯಲ್ಲಿ ಬಂದಿದ್ದರೆಂದೂ ನೀವು ಬರೆದಿರುವುದರಿಂದ, ಕಾರಣ ಬಹುಶಃ ಚಾತುರ್ಮಾಸ್ಯವೆಂಬ ನಾಲ್ಕು ತಿಂಗಳ ವ್ರತಕಾಲದ ಮೊದಲ ತಿಂಗಳಿನ, ತರಕಾರಿ ಬಿಡುವ ಶಾಕವ್ರತವೇ ಹೊರತು ನಿಮ್ಮ ಅಡುಗೆಯ ರುಚಿಯಲ್ಲ. ಆ ತಿಂಗಳು ತರಕಾರಿಯ ಜೊತೆಗೆ ಹುಣಸೆ, ಮೆಣಸಿನಕಾಯಿಗಳೂ ವರ್ಜ್ಯವಾಗಿದ್ದು, ಹೆಸರುಬೇಳೆ, ಕಾಳುಮೆಣಸು, ಜೀರಿಗೆಗಳಲ್ಲೇ ಅಡುಗೆ ಸಾಗುತ್ತದೆ.

ಆದರೆ ಗೌರಿ ಹಬ್ಬಕ್ಕೆ ಅವರು ಮತ್ತೆ ಬರುವಾಗ, ಕಳೆದ ಸಲ ಅದನ್ನೇ ಉಂಡರೆಂದು ಮೊಸರನ್ನವನ್ನೇ ಬಡಿಸಿದರೆ ಮತ್ತೆ ಎಡವಟ್ಟಾದೀತು, ಏಕೆಂದರೆ ಆಗ ನಡೆಯುತ್ತಿರುವುದು ಮೊಸರನ್ನು ಬಿಡುವ ದಧಿವ್ರತ. ಮುಂದಿನ ಎರಡು ತಿಂಗಳಲ್ಲಿ ಕ್ರಮವಾಗಿ ಹಾಲು, ಬೇಳೆಕಾಳುಗಳ ಸರದಿ.

ಮೊದಲು ಅವರು ಅನುಸರಿಸುವ ಮಠದ ಪಂಚಾಂಗದಲ್ಲಿ ಆ ದಿನ ಯಾವ ವ್ರತವಿದೆಯೆಂದು ನೋಡಿಕೊಳ್ಳಿ. ಅನಂತರ ಬೀಗಿತ್ತಿಯವರಿಗೆ ದೂರವಾಣಿ ಮಾಡಿ ಮಜ್ಜಿಗೆ ನಡೆಯುತ್ತದೆಯೇ, ಅಡುಗೆ ಮಡಿಯಲ್ಲೇ ಆಗಬೇಕೇ ಎಂದು ನೇರವಾಗಿ ಕೇಳಿ; ಇವೆರಡರಲ್ಲೂ ಮನೆಗೊಂದು ಪದ್ಧತಿ ಇರುವುದರಿಂದ ಊಹಿಸುವುದು ಬೇಡ, ಕೇಳಿದರೆ ಅವರು ಸಂತೋಷವನ್ನೇ ಪಡುತ್ತಾರೆ. ಹುಳಿ, ಪಲ್ಯ, ಹಾಲಿನ ಪಾಯಸ ಮಾಡಬಹುದು. ಮೊಸರುಬಜ್ಜಿ ಬೇಡ, ಈರುಳ್ಳಿ, ಬೆಳ್ಳುಳ್ಳಿಯಂತೂ ಬೇಡವೇ ಬೇಡ.