ಬರೆಯುವವರು ಓದುಗರಾಗಿ ಪುಸ್ತಕ ಮೇಳಕ್ಕೆ ಹೋಗುವಾಗ

ನವೆಂಬರಿನಿಂದ ಫೆಬ್ರವರಿವರೆಗೆ ಬೆಂಗಳೂರಿನಲ್ಲಿ ಪುಸ್ತಕದ ಸುಗ್ಗಿ. ರಾಜ್ಯೋತ್ಸವದ ರಿಯಾಯಿತಿ ಮಾರಾಟ, ಬಡಾವಣೆಗಳ ಮೈದಾನದಲ್ಲಿ ಪುಸ್ತಕ ಸಂತೆ, ಡಿಸೆಂಬರಿನಲ್ಲಿ ಬೆಂಗಳೂರು ಸಾಹಿತ್ಯ ಉತ್ಸವ. 2025ರ ಫೆಬ್ರವರಿ ಕೊನೆಯಲ್ಲಿ ವಿಧಾನಸೌಧದ ಆವರಣದಲ್ಲೇ ಮೇಳ ಸೇರಿತ್ತು. ಈ ತಿಂಗಳು ನಮಗೆ ಬಂದ ಪತ್ರಗಳಲ್ಲಿ ಒಂದು ಕಟ್ಟು ಬರೆಯುವವರದ್ದೇ. ವೇದಿಕೆಯ ಕರೆಯಿಲ್ಲದೆ, ಬಿಡುಗಡೆಯ ಗಡಿಬಿಡಿಯಿಲ್ಲದೆ, ಇನ್ನೊಬ್ಬರ ಪುಸ್ತಕದ ಅಭಿಮಾನಿಯಾಗಿ ಹೋಗಿಬರುವುದು ಹೇಗೆ ಎಂದು ಕೇಳಿದ್ದಾರೆ. ಈ ಸಲ ಅವಕ್ಕೇ ಜಾಗ.

ನನ್ನ ಎರಡು ಕಥಾಸಂಕಲನ ಬಂದಿವೆ. ಮೇಳಕ್ಕೆ ಹೋದರೆ ಪ್ರಕಾಶಕರ ಮಳಿಗೆಯಲ್ಲೇ ಅರ್ಧ ದಿನ ಕಳೆದುಹೋಗುತ್ತದೆ. ಈ ಬಾರಿ ಬರೀ ಓದುಗಾರ್ತಿಯಾಗಿ ಹೋಗಬೇಕು ಅಂತ ಆಸೆ. ಏನು ಮಾಡಲಿ?
— ಕಥೆಗಾರ್ತಿ, ವಿಜಯನಗರ

ಎರಡೂ ಕೆಲಸವನ್ನು ಒಂದೇ ದಿನ ಇಟ್ಟುಕೊಳ್ಳಬೇಡಿ. ನಾಲ್ಕೈದು ದಿನದ ಮೇಳವಾದರೆ ಶನಿವಾರ ಇಲ್ಲವೇ ಭಾನುವಾರದ ಸಂಜೆ ಪ್ರಕಾಶಕರಿಗೆ ಕೊಡಿ. ಜನ ಹೆಚ್ಚು ಬರುವ ಹೊತ್ತು ಅದು, ನೀವು ಮಳಿಗೆಯಲ್ಲಿದ್ದರೆ ಅವರಿಗೂ ಉಪಯೋಗ. ನಿಮಗಾಗಿ ವಾರದ ನಡುವಿನ ಒಂದು ಬೆಳಗ್ಗೆ ತೆಗೆದಿಡಿ. ಈ ಮಾತನ್ನು ಮೊದಲೇ ಫೋನಿನಲ್ಲಿ ಹೇಳಿಬಿಡುವುದು ಒಳ್ಳೆಯದು. ಹೇಳದೆ ಹೋದಾಗ ಆಗುವುದು ಇಷ್ಟು: 'ಮೇಡಂ, ಹತ್ತು ನಿಮಿಷ ಕೂತಿರಿ' ಎಂದು ಕುರ್ಚಿ ಎಳೆಯುತ್ತಾರೆ, ಪರಿಚಯದವರೊಬ್ಬರು ನಿಮ್ಮ ಪುಸ್ತಕ ಕೊಂಡು ಸಹಿ ಕೇಳುತ್ತಾರೆ, ಚಹಾ ಬರುತ್ತದೆ, ಅಷ್ಟರಲ್ಲಿ ಮಧ್ಯಾಹ್ನ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಅದು ಲೇಖಕಿಯ ಕೆಲಸ. ಸಾಹಿತ್ಯ ಉತ್ಸವದಂತೆ ಎರಡೇ ದಿನ ಇದ್ದರೆ ಗಂಟೆಯ ಲೆಕ್ಕದಲ್ಲಿ ಭಾಗ ಮಾಡಿಕೊಳ್ಳಿ: ಊಟದ ತನಕ ಓದುಗಾರ್ತಿ, ಆಮೇಲೆ ಬೇಕಾದರೆ ಲೇಖಕಿ. ಹಿಂದುಮುಂದು ಮಾಡಿದರೆ ಬೆಳಗಿನ ಅಭಿಮಾನ ಸಂಜೆಗೆ ಉಳಿದಿರುವುದಿಲ್ಲ.

ಮನೆಯಿಂದ ಹೊರಡುವ ಮೊದಲು ಒಂದು ಪಟ್ಟಿ ಬರೆಯಿರಿ. ಹತ್ತು ಶೀರ್ಷಿಕೆ ಸಾಕು. ಪ್ರತಿಯೊಂದರ ಪಕ್ಕ ಪ್ರಕಾಶಕರ ಹೆಸರು ಇರಲೇಬೇಕು. ಮೇಳದಲ್ಲಿ ಮಳಿಗೆಗಳು ಪ್ರಕಾಶಕರ ಲೆಕ್ಕದಲ್ಲಿರುತ್ತವೆ, ಕಥೆ-ಕಾದಂಬರಿ-ವಿಮರ್ಶೆ ಎಂಬ ಲೆಕ್ಕದಲ್ಲಲ್ಲ. ಪ್ರಕಾಶಕರು ಯಾರೆಂದು ಗೊತ್ತಿಲ್ಲದೆ ಬರೀ ಪುಸ್ತಕದ ಹೆಸರು ಹಿಡಿದು ಹೋದವರು ಇಡೀ ಮೈದಾನ ಸುತ್ತುತ್ತಾರೆ. ಮೊದಲ ಸುತ್ತಿನಲ್ಲಿ ಕೊಳ್ಳಬೇಡಿ, ನೋಡಿ, ಮಳಿಗೆಯ ಸಂಖ್ಯೆ ಬರೆದುಕೊಳ್ಳಿ. ಎರಡನೆಯ ಸುತ್ತಿನಲ್ಲಿ ಕೊಳ್ಳಿ. ಚಿಕ್ಕ ಪ್ರಕಾಶಕರ ಮಾತು ಬೇರೆ. ಅವರು ಹಳೆಯ ಶೀರ್ಷಿಕೆಗಳ ಕೆಲವೇ ಪ್ರತಿ ತಂದಿರುತ್ತಾರೆ, ಮರುಮುದ್ರಣ ಯಾವಾಗ ಅಂತ ಅವರಿಗೂ ಗೊತ್ತಿರುವುದಿಲ್ಲ. ಅಲ್ಲಿ ಬೇಕಾದದ್ದು ಕಂಡ ಕೂಡಲೇ ತೆಗೆದುಕೊಳ್ಳಿ.

ಇನ್ನೊಂದು ಮಾತು. ನಿಮ್ಮ ಪುಸ್ತಕ ಎಲ್ಲಿಟ್ಟಿದ್ದಾರೆ ಅಂತ ಕಣ್ಣು ಹಾಯುವುದು ಸಹಜ. ಕೆಳಗಿನ ಸಾಲಿನಲ್ಲಿ ಕಂಡರೂ ಎತ್ತಿ ಮುಂದೆ ಇಡಬೇಡಿ. ನೀವು ಇಟ್ಟ ಜಾಗದಲ್ಲಿ ಇನ್ನೊಬ್ಬರ ಪುಸ್ತಕ ಮುಚ್ಚಿಹೋಗುತ್ತದೆ, ಸಂಜೆ ಲೆಕ್ಕ ನೋಡುವ ಹುಡುಗನಿಗೆ ಎಣಿಕೆ ತಪ್ಪುತ್ತದೆ. ಜಾಗದ ಬಗ್ಗೆ ಬೇಸರವಿದ್ದರೆ ಪ್ರಕಾಶಕರಿಗೆ ಮಾರನೆಯ ದಿನ ಹೇಳಿ.

ಮೆಚ್ಚಿನ ಲೇಖಕರಿಂದ ಸಹಿ ಹಾಕಿಸಿಕೊಂಡ ಪುಸ್ತಕದಲ್ಲಿ ಮಸಿ ಎದುರು ಪುಟಕ್ಕೂ ಮೆತ್ತಿಕೊಂಡಿತು. ಯಾವ ಪೆನ್ನು, ಯಾವ ಪುಟ? ಎಷ್ಟು ಪುಸ್ತಕ ಒಯ್ಯಬಹುದು?
— ಕವಿ, ಹನುಮಂತನಗರ

ಪೆನ್ನಿಗಿಂತ ಮೊದಲು ಕಾಗದ ನೋಡಿ. ಕನ್ನಡ ಪುಸ್ತಕಗಳಲ್ಲಿ ಶೀರ್ಷಿಕೆ ಪುಟದ ಬೆನ್ನಿಗೆ ಇರುವ ವಿವರಗಳ ಪುಟದಲ್ಲಿ ಬಳಸಿದ ಕಾಗದವನ್ನು ಎಷ್ಟೋ ಪ್ರಕಾಶಕರು ನಮೂದಿಸುತ್ತಾರೆ. '70 ಜಿಎಸ್‌ಎಂ ಮ್ಯಾಪ್ಲಿಥೋ' ಎಂದಿದ್ದರೆ (ಜಿಎಸ್‌ಎಂ ಅಂದರೆ ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಚಿಂತೆಯಿಲ್ಲ: ಮೇಲೆ ಲೇಪವಿಲ್ಲದ ಕಾಗದ, ಮಸಿಯನ್ನು ಹೀರಿಕೊಳ್ಳುತ್ತದೆ, ಜೆಲ್ ಪೆನ್ನಾದರೂ ಅರ್ಧ ನಿಮಿಷದಲ್ಲಿ ಒಣಗುತ್ತದೆ. ಚಿತ್ರಸಂಪುಟ, ಛಾಯಾಚಿತ್ರಗಳ ಪುಸ್ತಕಗಳಲ್ಲಿರುವ ಹೊಳೆಯುವ ಆರ್ಟ್ ಪೇಪರಿನ ಮೇಲೆ ಲೇಪವಿರುತ್ತದೆ. ನೀರಿನ ಮಸಿ ಅದರೊಳಗೆ ಇಳಿಯದೆ ಮೇಲೆಯೇ ನಿಂತು, ಪುಸ್ತಕ ಮುಚ್ಚಿದೊಡನೆ ಎದುರು ಪುಟಕ್ಕೆ ಅಂಟುತ್ತದೆ. ನಿಮಗೆ ಆದದ್ದು ಇದೇ ಇರಬೇಕು.

ಬಾಲ್ ಪೆನ್ನಿನ ಮಸಿ ಎಣ್ಣೆಯದು, ಹರಡುವುದಿಲ್ಲ. ಆದರೆ ಒತ್ತಿ ಬರೆದರೆ ಮುಂದಿನ ನಾಲ್ಕು ಹಾಳೆಗೆ ಅಚ್ಚು ಬೀಳುತ್ತದೆ. ನಮ್ಮ ಆಯ್ಕೆ ಪಿಗ್ಮೆಂಟ್ ಮಸಿಯ (ಕರಗದ ಬಣ್ಣದ ಕಣಗಳಿರುವ ಮಸಿ) ತೆಳು ಮೊನೆಯ ಪೆನ್ನು, 0.3 ಅಥವಾ 0.5 ಮಿಲಿಮೀಟರ್. ಚಿತ್ರಕಾರರ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಒಣಗಿದ ಮೇಲೆ ನೀರು ಬಿದ್ದರೂ ಕದಡುವುದಿಲ್ಲ, ಬೆಳಕಿಗೆ ಬೇಗ ಮಾಸುವುದಿಲ್ಲ. ಲೇಖಕರು ತಮ್ಮದೇ ಪೆನ್ನು ತೆಗೆದರೆ ತಡೆಯಬೇಡಿ. ಅವರಿಗೆ ರೂಢಿಯಾದ ಪೆನ್ನಿನಲ್ಲೇ ಸಹಿ ಸಹಜವಾಗಿ ಬರುತ್ತದೆ. ಮನೆಯಿಂದ ನೋಟ್‌ಬುಕ್ಕಿನ ಹಾಳೆಯನ್ನು ಪುಸ್ತಕದ ಅಗಲಕ್ಕೆ ಕತ್ತರಿಸಿ ಏಳೆಂಟು ತುಂಡು ಇಟ್ಟುಕೊಂಡಿರಿ. ಸಹಿಯಾದ ಪುಟದ ಮೇಲೆ ಒಂದಿಟ್ಟು ಮುಚ್ಚಿದರೆ ಮುಗಿಯಿತು.

ಪುಟ ಎಂದರೆ ಶೀರ್ಷಿಕೆ ಪುಟವೇ. ಪುಸ್ತಕದ ಹೆಸರು, ಲೇಖಕರ ಹೆಸರು ಅಚ್ಚಾಗಿರುವ ಜಾಗದಲ್ಲಿ ಅವರ ಕೈಬರಹವೂ ಇದ್ದರೆ ಅದು ಪುಸ್ತಕದ ಅಂಗವಾಗಿ ಉಳಿಯುತ್ತದೆ. ಗಟ್ಟಿರಟ್ಟಿನ ಪುಸ್ತಕಗಳ ಮೊದಲ ಖಾಲಿ ಹಾಳೆಯಲ್ಲಿ ಹಾಕಿಸಬೇಡಿ. ರಟ್ಟಿಗೆ ಅಂಟಿಸಿರುವ ಹಾಳೆಯ ಇನ್ನೊಂದು ಅರ್ಧ ಅದು, ಮುಂದೆ ಬೈಂಡ್ ಬಿಚ್ಚಿ ಹೊಸದು ಕಟ್ಟಿಸಿದರೆ ಮೊದಲು ಹೋಗುವುದೂ ಅದೇ. ಸಾದಾ ಪ್ರತಿಗಳದ್ದು ಬೇರೆ ಅಪಾಯ: ಬೆನ್ನಿಗೆ ಬಿಸಿ ಅಂಟು ಹಾಕಿರುತ್ತಾರೆ, ಹೊಲಿಗೆ ಇರುವುದಿಲ್ಲ. ಹೊಸ ಪುಸ್ತಕವನ್ನು ಮೇಜಿನ ಮೇಲೆ ಪೂರ್ತಿ ಮಡಚಿ ಒತ್ತಿದರೆ ಅಂಟು ಬಿರುಕು ಬಿಟ್ಟು ಮೊದಲ ಹಾಳೆಗಳೇ ಸಡಿಲವಾಗುತ್ತವೆ. ನೀವು ರಟ್ಟನ್ನು ಎಡಗೈಯಲ್ಲಿ ಅರ್ಧಕ್ಕೆ ಎತ್ತಿ ಹಿಡಿದುಕೊಂಡರೆ ಲೇಖಕರು ಒತ್ತಬೇಕಾಗಿಯೇ ಬರುವುದಿಲ್ಲ.

ಹೆಸರು ಬರೆಸಿಕೊಳ್ಳುವುದಾದರೆ ಚೀಟಿಯಲ್ಲಿ ಬರೆದು ಆ ಪುಟದಲ್ಲಿಟ್ಟಿರಿ. ಗದ್ದಲದಲ್ಲಿ 'ಶೈಲಜಾ', 'ಶೈಲಾ' ಆಗುತ್ತದೆ, ಅಳಿಸಲು ಬರುವುದಿಲ್ಲ. ಬೇರೆ ಭಾಷೆಯ ಲೇಖಕರಾದರೆ ಅವರದೇ ಲಿಪಿಯಲ್ಲಿ ಸಹಿ ಕೇಳಿ. ಮಲಯಾಳಂ, ತಮಿಳು, ಬಂಗಾಳಿಯವರು ಎದುರಿರುವವರಿಗೆ ಓದಲು ಬರಲಿ ಎಂದು ಇಂಗ್ಲಿಷಿನಲ್ಲಿ ಗೀಚಿಬಿಡುತ್ತಾರೆ. ನೀವು ಕೇಳಿದರೆ ಸಂತೋಷದಿಂದ ತಮ್ಮ ಅಕ್ಷರದಲ್ಲಿ ಬರೆಯುತ್ತಾರೆ. ಅನುವಾದದ ಪುಸ್ತಕವಾಗಿದ್ದು ಅನುವಾದಕರೂ ಬಂದಿದ್ದರೆ ಅದೇ ಪುಟದಲ್ಲಿ ಅವರ ಸಹಿಯೂ ಇರಲಿ. ಇದನ್ನು ಕೇಳಿಕೊಳ್ಳುವವರು ತೀರಾ ಕಡಿಮೆ, ಕೇಳಬೇಕಾದದ್ದು.

ಎಷ್ಟು ಎಂದರೆ, ಸಾಲು ಉದ್ದವಿದ್ದಾಗ ಎರಡು. ಐದಾರು ಇದ್ದರೆ ಎರಡಕ್ಕೆ ಹಾಕಿಸಿಕೊಂಡು ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಿ.

ನಾನು ತುಂಬ ಗೌರವಿಸುವ ಲೇಖಕರು ಬರುತ್ತಿದ್ದಾರೆ. ನನ್ನ ಕಾದಂಬರಿಯ ಗೌರವ ಪ್ರತಿ ಕೊಡಬಹುದೆ?
— ಕಾದಂಬರಿಕಾರ, ಯಲಹಂಕ

ಸಹಿಯ ಸಾಲಿನಲ್ಲಿ ಬೇಡ. ನಿಮ್ಮ ಕಾದಂಬರಿಯ ಬಗ್ಗೆ ಅಗೌರವದಿಂದ ಹೇಳುತ್ತಿಲ್ಲ, ಅದು ಓದಿಸಿಕೊಳ್ಳಬೇಕು ಅಂತಲೇ ಹೇಳುತ್ತಿದ್ದೇವೆ. ಡೆಮಿ 1/8 ಆಕಾರದ, ಅಂದರೆ ಸಾಮಾನ್ಯ ಕಾದಂಬರಿಯ ಅಳತೆಯ, 200 ಪುಟದ ಪುಸ್ತಕ ಸುಮಾರು 250 ಗ್ರಾಂ ತೂಗುತ್ತದೆ. ಇಪ್ಪತ್ತು ಜನ ಹೀಗೆ ಕೊಟ್ಟರೆ 5 ಕಿಲೋ. ವಿಮಾನದಲ್ಲಿ ಬಂದವರು ಕೈಚೀಲದಲ್ಲಿ ಒಯ್ಯಬಹುದಾದದ್ದು ಸಾಮಾನ್ಯವಾಗಿ 7 ಕಿಲೋ. ಹಾಗಾಗಿ ಪುಸ್ತಕಗಳು ಕೋಣೆಯಲ್ಲೇ ಉಳಿಯುತ್ತವೆ, ಬಿಟ್ಟುಹೋದವರಿಗೂ ಅದು ಸಂಕಟ. ಪುಸ್ತಕ ಕೈಗಿಟ್ಟೊಡನೆ ಮಾತಿನ ದಾರಿಯೂ ಬದಲಾಗುತ್ತದೆ. ಅವರ ಬರಹದ ಬಗ್ಗೆ ಹೇಳಲೆಂದು ಹೋದವರು ನೀವು, ಈಗ ಅವರು ನಿಮ್ಮ ಮುಖಪುಟ ನೋಡಿ ಏನಾದರೂ ಹೇಳಲೇಬೇಕಾಗುತ್ತದೆ. ನಿಮಗಿರುವುದು ಒಂದೂವರೆ ನಿಮಿಷ, ಅದು ಹೀಗೆ ಹೋಗಬಾರದು. ಮುನ್ನುಡಿ, ಬೆನ್ನುಡಿ ಕೇಳುವುದಂತೂ ಅಲ್ಲಿ ಬೇಡವೇ ಬೇಡ.

ಆ ಒಂದೂವರೆ ನಿಮಿಷಕ್ಕೆ ಒಂದೇ ಸಂಗತಿ ತಯಾರಿಟ್ಟುಕೊಳ್ಳಿ: ಯಾವ ಪುಸ್ತಕ, ಯಾವ ಪಾತ್ರ, ಯಾವ ಸನ್ನಿವೇಶ, ಅದು ನಿಮಗೆ ಏನು ಮಾಡಿತು. 'ನಿಮ್ಮ ಬರವಣಿಗೆ ತುಂಬಾ ಇಷ್ಟ' ಅನ್ನುವುದು ಎಲ್ಲರೂ ಹೇಳುವ ಮಾತು. ಎರಡನೇ ಅಧ್ಯಾಯದಲ್ಲಿ ಅಜ್ಜಿ ಬಾಗಿಲು ಹಾಕದೆ ಮಲಗುವ ಸಾಲನ್ನು ನೆನಪಿಟ್ಟು ಹೇಳುವವರು ಒಬ್ಬರೋ ಇಬ್ಬರೋ. ನೀವೂ ಬರೆಯುತ್ತೀರಾ ಎಂದು ಅವರೇ ಕೇಳಿದರೆ 'ಹೌದು, ಕಾದಂಬರಿ ಬರೆದಿದ್ದೇನೆ' ಎನ್ನಿ, ಅಷ್ಟು ಸಾಕು. ಮೇಳ ಮುಗಿದು ಎರಡು ವಾರವಾದ ಮೇಲೆ ಅವರ ಪ್ರಕಾಶಕರ ವಿಳಾಸಕ್ಕೆ ಒಂದು ಪುಟದ ಪತ್ರ ಬರೆಯಿರಿ, ಪುಸ್ತಕ ಕಳಿಸಲೇ ಎಂದು ಕೊನೆಯಲ್ಲಿ ಕೇಳಿ. ಆಗ ಕಳಿಸಿದ್ದನ್ನು ಅವರು ಓದುವ ಸಾಧ್ಯತೆ ಹೆಚ್ಚು.

ಗೋಷ್ಠಿಯಲ್ಲಿ ಪ್ರಶ್ನೆ ಕೇಳಲು ಎದ್ದರೆ ನನ್ನ ಮಾತು ಉದ್ದವಾಗಿ, ನಿರ್ವಾಹಕರು ತಡೆಯುತ್ತಾರೆ.
— ಅಂಕಣಕಾರ್ತಿ, ಮಲ್ಲೇಶ್ವರ

ಬರೆಯುವವರಿಗೆ ಇದು ಹೆಚ್ಚು. ಪ್ರಶ್ನೆಯ ಮೊದಲು ತಮ್ಮ ನಿಲುವು ಹೇಳಿಕೊಳ್ಳುವ ಅಭ್ಯಾಸ ಇರುತ್ತದೆ. ಮುಕ್ಕಾಲು ಗಂಟೆಯ ಗೋಷ್ಠಿಯಲ್ಲಿ ಸಭಿಕರಿಗೆ ಸಿಗುವುದು ಕೊನೆಯ ಹತ್ತು ನಿಮಿಷ. ಅದರಲ್ಲಿ ನಾಲ್ಕೈದು ಪ್ರಶ್ನೆ ಹಿಡಿಯಬೇಕು. ಗೋಷ್ಠಿ ನಡೆಯುವಾಗಲೇ ಪ್ರಶ್ನೆಯನ್ನು ಬರೆದುಕೊಳ್ಳಿ, ಮೂವತ್ತು ಪದ ಮೀರಿದರೆ ಕತ್ತರಿಸಿ. 'ನಾನೂ ಒಬ್ಬ ಲೇಖಕಿ' ಎಂಬ ಮೊದಲ ವಾಕ್ಯ ತೆಗೆದರೆ ಅರ್ಧ ಕೆಲಸ ಆಯಿತು. ಮೈಕು ಕೈಗೆ ಬರುವ ತನಕ ಕಾಯಿರಿ. ತುಟಿಯಿಂದ ನಾಲ್ಕು ಬೆರಳು ದೂರ ಹಿಡಿಯಿರಿ, ಅದಕ್ಕಿಂತ ಹತ್ತಿರ ಬಂದರೆ ಪ, ಫ, ಬ, ಭ ಬಂದಾಗಲೆಲ್ಲ ಉಸಿರು ಬಡಿದು ಢಬ್ ಎನ್ನುತ್ತದೆ. ಸ್ಪೀಕರ್ ಪೆಟ್ಟಿಗೆಯ ಎದುರು ನಿಂತರೆ ಅದರ ಸದ್ದೇ ಮತ್ತೆ ಮೈಕಿಗೆ ಬಂದು ಕಿರುಚುತ್ತದೆ, ಎರಡು ಹೆಜ್ಜೆ ಸರಿಯಿರಿ. ಗೋಷ್ಠಿ ಇಂಗ್ಲಿಷಿನಲ್ಲಿದ್ದರೂ ವೇದಿಕೆಯಲ್ಲಿರುವವರಿಗೆ ಕನ್ನಡ ಬರುತ್ತದೆಂದರೆ ಕನ್ನಡದಲ್ಲೇ ಕೇಳಿ. ಬೆಂಗಳೂರಿನಲ್ಲಿ ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಕಾರ್ಯಕರ್ತರು ಗುರುತು ಹಿಡಿದು ಮುಂದಿನ ಸಾಲಿಗೆ ಕರೆಯುತ್ತಾರೆ, ಸಹಿಯ ಸಾಲಿನಲ್ಲಿ ನಿಲ್ಲಲು ಬಿಡುವುದಿಲ್ಲ. ನಿರಾಕರಿಸಿದರೆ ತಪ್ಪಾದೀತೆ?
— ನಾಟಕಕಾರ, ಬಸವನಗುಡಿ

ಇಲ್ಲ. 'ಇವತ್ತು ಓದುಗನಾಗಿ ಬಂದಿದ್ದೇನೆ' ಎಂದು ನಗುತ್ತ ಹೇಳಿದರೆ ಅವರಿಗೂ ಅರ್ಥವಾಗುತ್ತದೆ. ಸಾಲಿನಲ್ಲೇ ಇರಿ. ಹಿಂದೆ ಮುಂದೆ ನಿಂತವರ ಕೈಯಲ್ಲಿ ಯಾವ ಪುಸ್ತಕವಿದೆ, ಯಾಕೆ ಅದನ್ನೇ ತಂದರು ಎಂದು ಕೇಳಲು ಇಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ಹೋಗುವುದು, ಹಣ, ಚೀಲ: ಏನಾದರೂ ಸಲಹೆ?
— ಓದುಗ ಮತ್ತು ಅನುವಾದಕ, ಕೆಂಗೇರಿ

2012ರಿಂದ ನಡೆಯುತ್ತಿರುವ ಸಾಹಿತ್ಯ ಉತ್ಸವಕ್ಕೆ ಪ್ರವೇಶ ಉಚಿತ. ಹಲವು ವರ್ಷ ಅದು ಕುಮಾರಕೃಪಾ ರಸ್ತೆಯ ಹೋಟೆಲಿನ ಅಂಗಳದಲ್ಲಿತ್ತು, 2025ರಲ್ಲಿ ಹಳೆಯ ಸೆಂಟ್ರಲ್ ಜೈಲಿದ್ದ ಫ್ರೀಡಂ ಪಾರ್ಕಿಗೆ ಬಂತು. ಕೆಂಗೇರಿಯಿಂದ ನೇರಳೆ ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಬಂದರೆ ಅಲ್ಲಿಂದ ನಡೆದೇ ಹೋಗಬಹುದು. ವಿಧಾನಸೌಧದ ಮೇಳವಾದರೆ ಅದೇ ಮಾರ್ಗದ ಅಂಬೇಡ್ಕರ್ ನಿಲ್ದಾಣ ಎದುರಿಗೇ ಇದೆ. ಜನ ಹೆಚ್ಚಿದ ಹೊತ್ತಿನಲ್ಲಿ ಮೊಬೈಲ್ ಜಾಲ ಸೋತು ಯುಪಿಐ ಸುತ್ತುತ್ತ ನಿಲ್ಲುತ್ತದೆ. ನೂರು, ಐವತ್ತರ ನೋಟಿನಲ್ಲಿ ಸಾವಿರದೈನೂರು ಇಟ್ಟುಕೊಳ್ಳಿ. ಎರಡು ಬಟ್ಟೆ ಚೀಲ ತನ್ನಿ, ಒಂದರಲ್ಲಿ ಹತ್ತಕ್ಕಿಂತ ಹೆಚ್ಚು ಪುಸ್ತಕ ತುಂಬಬೇಡಿ: ಹಿಡಿ ಕಿತ್ತು ಬಿದ್ದರೆ ಮೂಲೆಗಳು ಜಜ್ಜುತ್ತವೆ, ಜಜ್ಜಿದ ಮೂಲೆ ಮತ್ತೆ ನೆಟ್ಟಗಾಗುವುದಿಲ್ಲ. ನೀರಿನ ಬಾಟಲಿ ಬೇರೆ ಚೀಲದಲ್ಲಿ.

ಅವೆನ್ಯೂ ರಸ್ತೆಯ ಹಳೆಪುಸ್ತಕದ ಅಂಗಡಿಯಲ್ಲಿ ಸಿಕ್ಕ ಪ್ರತಿಗೆ ಲೇಖಕರ ಸಹಿ ಹಾಕಿಸಬಹುದೆ? ಅವರಿಗೆ ಬೇಸರವಾಗುತ್ತದೆಯೆ?
— ಪ್ರಬಂಧಕಾರ, ಶ್ರೀನಗರ

ಹಾಕಿಸಬಹುದು. ಮೂವತ್ತು, ನಲವತ್ತು ವರ್ಷದ ಹಿಂದಿನ ಮೊದಲ ಮುದ್ರಣ ತಂದವರನ್ನು ಕಂಡರೆ ಲೇಖಕರ ಮುಖ ಅರಳುತ್ತದೆ. ಎಷ್ಟೋ ಸಲ ಅವರ ಹತ್ತಿರವೇ ಆ ಪ್ರತಿ ಇರುವುದಿಲ್ಲ. ಆದರೆ ಮೊದಲು ಮೂರು ಸಂಗತಿ ನೋಡಿಕೊಳ್ಳಿ. ಒಳಪುಟದಲ್ಲಿ 'ಇಂಥವರಿಗೆ ಪ್ರೀತಿಯಿಂದ' ಎಂದು ಲೇಖಕರೇ ಬರೆದುಕೊಟ್ಟ ಪ್ರತಿಯಾಗಿದ್ದರೆ ಅದನ್ನು ಮೇಜಿಗೆ ಒಯ್ಯಬೇಡಿ. ತಾವು ಸ್ನೇಹದಿಂದ ಕೊಟ್ಟದ್ದು ರಸ್ತೆಬದಿಗೆ ಬಂದಿದೆ ಎಂದು ಅವರಿಗೆ ನಿಮ್ಮ ಕೈಯಿಂದ ತಿಳಿಯಬಾರದು. ಗ್ರಂಥಾಲಯದ ಮೊಹರಿದ್ದು, ವಿಲೇವಾರಿ ಮಾಡಿದ ಗುರುತಿಲ್ಲದಿದ್ದರೆ ಅದು ಆ ಗ್ರಂಥಾಲಯದ್ದೇ ಪುಸ್ತಕ, ಹಿಂದಿರುಗಿಸಿ. ಇನ್ನು ಕಳ್ಳಮುದ್ರಣ. ಅಕ್ಷರದ ಅಂಚು ಮಸುಕು, ಅಂಚಿನ ಖಾಲಿ ಜಾಗ ಪುಟದಿಂದ ಪುಟಕ್ಕೆ ಹೆಚ್ಚುಕಡಿಮೆ, ಮುಖಪುಟದ ಬಣ್ಣ ಕೆಂಪು ಅಥವಾ ನೀಲಿಗೆ ವಾಲಿದ್ದು: ಇವು ಒಟ್ಟಿಗೆ ಕಂಡರೆ ಫೋಟೋ ತೆಗೆದು ಅಚ್ಚುಹಾಕಿದ ಪ್ರತಿ ಎಂದು ಅನುಮಾನಿಸಿ. ಅದಕ್ಕೆ ಸಹಿ ಕೇಳುವುದೆಂದರೆ ಲೇಖಕರಿಗೆ ಗೌರವಧನ ತಪ್ಪಿಸಿದ ಪ್ರತಿಯನ್ನು ಅವರ ಮುಂದೆಯೇ ಹಿಡಿದಂತೆ. ಮಳಿಗೆಯಲ್ಲಿ ಹೊಸದೊಂದು ಕೊಂಡು ಒಯ್ಯಿರಿ.

ಹಳೆಯ ಕಾಗದ ಕಂದುಬಣ್ಣಕ್ಕೆ ತಿರುಗಿ ಬೆರಳಿಗೆ ಹಗುರವಾಗಿ ಪುಡಿ ಹತ್ತುತ್ತಿದ್ದರೆ ಫೌಂಟನ್ ಪೆನ್ನು ಬೇಡ. ಕಾಗದದ ಬಿಗಿ ಹೋಗಿರುವುದರಿಂದ ಮಸಿ ನಾಲ್ಕೂ ಕಡೆ ಬೇರು ಬಿಟ್ಟಂತೆ ಹರಡುತ್ತದೆ. ಮೆತ್ತನೆಯ 2ಬಿ ಪೆನ್ಸಿಲ್ ಕೊಡಿ, ಕಾರಣ ಹೇಳಿ.